ಮೂಲೆ ಎಣಿಕೆ

ಮೊದಲು ಮೂಲೆಗಳನ್ನು ಎಣಿಸಿದವಳು ನಾಂದಿನ್.
ಮಲಗುವ ಕೋಣೆಗೆ ನಾಲ್ಕು, ಅಡುಗೆಮನೆಗೆ ನಾಲ್ಕು,
ಕಂಬವೊಂದು ಒಳಗೆ ತಲೆಹಾಕಿದ್ದರಿಂದ ಹಾಲಿಗೆ ಆರು,
ಬಚ್ಚಲಿಗೂ ನಾಲ್ಕು.
"ಇಷ್ಟೊಂದು ಯಾಕಮ್ಮಾ?"

ನನಗೇನು ಗೊತ್ತು?
ಮೂವತ್ತನಾಲ್ಕು ವರ್ಷ ದುಂಡಗೆ ಬದುಕಿದವಳು.
ಉಲಾನ್‌ಬಾತರಿನ ಬಡಗಣ ಗುಡ್ಡದ ಮೇಲೆ
ಉಣ್ಣೆ ಹೊದ್ದ ಗೆರ್ ಒಳಗೆ
ಯಾರನ್ನಾದರೂ ಮೂಲೆಗುಂಪು ಮಾಡೋಣವೆಂದರೂ
ಮೂಲೆ ಇರಲಿಲ್ಲ.
ಮುನಿದವರು ಒಲೆಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು;
ಬೆನ್ನು ಕಾದಾಗ ತಾವಾಗಿಯೇ ಮುಖ ತಿರುಗಿಸುತ್ತಿದ್ದರು.

ಇಲ್ಲಿ ಒಲೆ ಗೋಡೆಗೆ ಮುಖಮಾಡಿ ನಿಂತಿದೆ,
ತಪ್ಪು ಮಾಡಿದ ಹುಡುಗನ ಹಾಗೆ.

ಜಾಗ ಕೊಟ್ಟು ಫ್ಲ್ಯಾಟು ತಗೊಂಡೆವು.
ಸಹಿ ಹಾಕುವಾಗ ಪೂರೆವ್ ಮೂರು ಸಲ ಪೆನ್ನು ಒದರಿದ.
ಶಾಯಿ ಇತ್ತು.

ನನ್ನ ತಾಯಿ ಕೊಟ್ಟ ಕಿತ್ತಳೆ ಬಣ್ಣದ ಪೆಟ್ಟಿಗೆ
ಲಿಫ್ಟಿಗಿಂತ ಮೂರಿಂಚು ಉದ್ದ.
ಮೆಟ್ಟಿಲಲ್ಲಿ ಹೊತ್ತೆವು; ಐದನೇ ತಿರುವಿನಲ್ಲಿ ಸಿಕ್ಕಿಕೊಂಡಿತು,
ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು.
ಹೊತ್ತು ಮುಳುಗುವವರೆಗೆ ಅದರ ಮೇಲೆ ಕೂತು ಚಹಾ ಕುಡಿದೆವು,
ಹತ್ತುವವರು ಇಳಿಯುವವರು ನಮ್ಮ ಕಾಲು ದಾಟಿದರು.

ಅತ್ತೆ ದುಲ್ಮಾ ಹೊಸ್ತಿಲು ತುಳಿಯುವವಳಲ್ಲ.
ಲಿಫ್ಟಿನ ಬಾಯಲ್ಲೂ ಒಂದು ಹೊಸ್ತಿಲು ಕಂಡಿದ್ದಾಳೆ,
ಆ ಬೆರಳಗಲದ ಕಪ್ಪು ಸೀಳು.
ನಿಲುವಂಗಿಯ ಅಂಚೆತ್ತಿ, ಬಲಗಾಲು ಮೊದಲು,
ಅಷ್ಟರಲ್ಲಿ ಬಾಗಿಲು ಅವಳ ತೋಳನ್ನು ಕಚ್ಚುತ್ತದೆ.
"ಸಾಕಿದ ಪ್ರಾಣಿ ಅಲ್ಲ ಇದು," ಅನ್ನುತ್ತಾಳೆ,
"ಇನ್ನೂ ಪಳಗಬೇಕು."

ಬೆಳಿಗ್ಗೆ ಆಕಾಶಕ್ಕೆ ಹಾಲು ಚಿಮುಕಿಸಿದಳು, ಬಾಲ್ಕನಿಯಿಂದ.
ಆಕಾಶ ಕುಡಿಯಲಿಲ್ಲ,
ಕೆಳಮನೆಯ ಒಣಗುವ ರಜಾಯಿ ಕುಡಿಯಿತು.
ರಜಾಯಿ ಹಿಡಿದು ಜಗಳಕ್ಕೇ ಬಂದಳು ಆ ಹೆಂಗಸು.
ಬಾಗಿಲಲ್ಲಿ ಒಮ್ಮೆ ಮೂಸಿದಳು,
ಸುಮ್ಮನಾದಳು.
"ನಾನು ಬಿಟ್ಟು ನಾಲ್ಕು ವರ್ಷ," ಅಂದು ಇಳಿದು ಹೋದಳು.

ಅಲ್ಲಿ ನೆತ್ತಿಯ ಮರದ ಬಳೆಯಿಂದ ಬಿಸಿಲು ಇಳಿಯುತ್ತಿತ್ತು.
ಮಾವನ ಜೀನಿನ ಮೇಲಿದ್ದರೆ ಬೆಳಗು
(ಕುದುರೆ ಮಾರಿ ಎಷ್ಟೋ ವರ್ಷ, ಜೀನು ಮಾತ್ರ ಇತ್ತು),
ದೇವರ ಮೇಲಿದ್ದರೆ ನಡುಹಗಲು,
ಪಾತ್ರೆಗಳ ಮೇಲೆ ಬಂದರೆ ನಾಂದಿನ್ ಶಾಲೆಯಿಂದ ಬರುವ ಹೊತ್ತು.
ಇಲ್ಲಿ ಬಿಸಿಲು ನಾಲ್ಕು ಗಂಟೆಗೆ
ವಿಳಾಸ ತಪ್ಪಿದ ನೆಂಟನ ಹಾಗೆ ಬಂದು
ಅಡುಗೆಮನೆಯಲ್ಲೇ ನಿಂತು ಹೋಗುತ್ತದೆ.

ಆದರೆ ಇದನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ.
ಹನ್ನೊಂದನೆಯ ರಾತ್ರಿ ದಡಕ್ಕನೆ ಎಚ್ಚರಾಯಿತು.
ಯಾವ ಸದ್ದೂ ಇಲ್ಲ.
ಓಡಿ ಮಗಳ ಮೂಗಿನ ಕೆಳಗೆ ಬೆರಳಿಟ್ಟೆ.
ಉಸಿರು, ಬೆಚ್ಚಗೆ, ಉದ್ದಕ್ಕೆ.
ಐದು ಚಳಿಗಾಲ ಕಲ್ಲಿದ್ದಲ ಹೊಗೆ ನುಂಗಿ ಕೆಮ್ಮಿದ ಮಗು
ಕೆಮ್ಮದೆ ಮಲಗಿತ್ತು.
ಕೊಳವೆಯೊಳಗೆ ಯಾರದೋ ಬಿಸಿನೀರು ಗೊಣಗುತ್ತ ನಡೆಯುತ್ತಿತ್ತು.
ನಲ್ಲಿ ಇದ್ದರೂ ಅತ್ತೆ ತುಂಬಿಸಿಟ್ಟ
ಮೂರು ಕೊಡಗಳ ಪಕ್ಕ ಕೂತು ಅತ್ತೆನೋ ನಕ್ಕೆನೋ.

ಬಾಲ್ಕನಿಯಿಂದ ಕಾಣುತ್ತದೆ ಗುಡ್ಡದಲ್ಲಿ
ನಮ್ಮ ಗೆರ್ ನಿಂತಿದ್ದ ದುಂಡು ಗುರುತು,
ಮೇಜಿನ ಮೇಲೆ ಬಿಸಿ ಪಾತ್ರೆ ಬಿಟ್ಟಂಥದು.
ಬಾಗಿಲಿದ್ದ ಕಡೆ ಒಂದು ಕಪ್ಪು ಚುಕ್ಕೆ:
ಬಾಸರ್.
ಸರಪಳಿ ಸಮೇತ ಗಲ್ಸನ್‌ಗೆ ಕೊಟ್ಟು ಬಂದಿದ್ದೆವು.
ಬಿಡಿಸಿಕೊಂಡು ಬಂದು ಕೂರುತ್ತದೆ, ದಿನಾ.

ನಮ್ಮಲ್ಲಿ ಬಂದವರು ಬಾಗಿಲು ಬಡಿಯುವುದಿಲ್ಲ.
ದೂರದಿಂದಲೇ ಕೂಗುತ್ತಾರೆ, "ನಾಯಿ ಹಿಡಿದುಕೊಳ್ಳಿ!"
ನಾಯಿ ಇಲ್ಲದ ಮನೆಗೂ ಹಾಗೇ.
ಇಲ್ಲಿ ಗುಂಡಿ ಒತ್ತುತ್ತಾರೆ, ಯಾವುದೋ ಹಕ್ಕಿ ಕಿರುಚುತ್ತದೆ.

ನಿನ್ನೆ ಹಳದಿ ಟೋಪಿಯವರಿಬ್ಬರು
ಅಳತೆಪಟ್ಟಿ ಹಿಡಿದು ಆ ಗುರುತಿನ ಕಡೆ ನಡೆದರು.
ಚುಕ್ಕೆ ಎದ್ದು ನಿಂತಿತು.
ಅವರೂ ನಿಂತರು.
ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದ, ಕೂಗಿದ್ದಿರಬೇಕು.

ಏಳನೇ ಮಹಡಿಯಲ್ಲಿ, ಗಾಜಿಗೆ ಹಣೆ ಒತ್ತಿ,
ಅತ್ತೆ ಮೆಲ್ಲಗೆ ಅಂದಳು,
"ಹಿಡಿದಿದ್ದೇನೆ, ಬನ್ನಿ."